ಚರಿತ್ರೆಯಿಂದಲೋ ಸ್ಪಿನ್‌ನಿಂದಲೋ: ಕ್ವಾಂಟಂ ಪಾಠದ ಎರಡು ದಾರಿಗಳು

ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಕ್ವಾಂಟಂ ಭೌತವಿಜ್ಞಾನದ ಮೊದಲ ಪಾಠಗಳನ್ನು ನಾನು ಎರಡು ಬಗೆಯಲ್ಲಿ ಹೇಳಿಕೊಟ್ಟು ನೋಡಿದ್ದೇನೆ. ಒಂದು, 1900ರ ಪ್ಲಾಂಕ್‌ನಿಂದ ಹೊರಟು 1905ರ ಐನ್‌ಸ್ಟೈನ್, 1913ರ ಬೋರ್, 1924ರ ಡಿ ಬ್ರಾಗ್ಲಿ ಇವರನ್ನು ಹಾದು 1926ರ ಶ್ರೋಡಿಂಗರ್ ಸಮೀಕರಣವನ್ನು ಮುಟ್ಟುವ ಚರಿತ್ರೆಯ ದಾರಿ. ಇನ್ನೊಂದು, 1922ರಲ್ಲಿ ಸ್ಟರ್ನ್ ಮತ್ತು ಗೆರ್ಲಾಕ್ ಫ್ರಾಂಕ್‌ಫರ್ಟ್‌ನಲ್ಲಿ ನಡೆಸಿದ ಪ್ರಯೋಗವನ್ನು ಮುಂದಿಟ್ಟುಕೊಂಡು ನೇರವಾಗಿ ಸ್ಪಿನ್‌ನಿಂದಲೇ, ಅಂದರೆ ಎಲೆಕ್ಟ್ರಾನಿನಂಥ ಕಣಗಳಿಗೆ ಸಹಜವಾಗಿಯೇ ಇರುವ ಕೋನೀಯ ಸಂವೇಗದಿಂದಲೇ, ಆರಂಭಿಸುವ ದಾರಿ.

ಚರಿತ್ರೆಯ ದಾರಿಯಲ್ಲಿ ಪ್ರತಿಯೊಂದು ಕಲ್ಪನೆಯೂ ಏಕೆ ಬೇಕಾಯಿತು ಎಂಬುದು ತಿಳಿಯುತ್ತದೆ. ಕೆಂಪು ಎಲ್‌ಇಡಿ ಹೊತ್ತಿಕೊಳ್ಳಲು ಸಾಕಾಗುವ ವೋಲ್ಟೇಜು ನೀಲಿಗೆ ಸಾಲದು ಎಂಬುದನ್ನು ತಾವೇ ಅಳೆದು, ಗ್ರಾಫಿನ ಇಳಿಜಾರಿನಿಂದ, ಬೆಳಕಿನ ಆವೃತ್ತಿಯನ್ನು ಅದರ ಶಕ್ತಿಯೊಂದಿಗೆ ಜೋಡಿಸುವ ಪ್ಲಾಂಕ್ ಸ್ಥಿರಾಂಕದ ಅಂದಾಜು ಬೆಲೆಯನ್ನು ಪಡೆದ ವಿದ್ಯಾರ್ಥಿಗಳು ಅದನ್ನು ಬೇಗ ಮರೆಯುವುದಿಲ್ಲ. ತೊಡಕಿರುವುದು ಬೋರ್ ಮಾದರಿಯಲ್ಲಿ. ಹೈಡ್ರೋಜನ್ನಿನಿಂದ ಎಲೆಕ್ಟ್ರಾನನ್ನು ಬಿಡಿಸಲು ಬೇಕಾದ ಶಕ್ತಿ 13.6 ಎಲೆಕ್ಟ್ರಾನ್ ವೋಲ್ಟ್ ಎಂಬ ಸರಿಯಾದ ಉತ್ತರವನ್ನು ಅದು ಕೊಡುವುದರಿಂದಲೇ, ಎಲೆಕ್ಟ್ರಾನು ವೃತ್ತಾಕಾರದ ಕಕ್ಷೆಯಲ್ಲಿ ಸುತ್ತುತ್ತದೆಂಬ ಅದರ ಚಿತ್ರವೂ ಸರಿಯೆಂದು ಮನಸ್ಸಿನಲ್ಲಿ ಬೇರೂರಿಬಿಡುತ್ತದೆ. ಕನಿಷ್ಠ ಶಕ್ತಿಯ ಸ್ಥಿತಿಯಲ್ಲಿ ಎಲೆಕ್ಟ್ರಾನಿನ ಕಕ್ಷೀಯ ಕೋನೀಯ ಸಂವೇಗ ಸೊನ್ನೆ, ಅಂದರೆ ಅದು ವೃತ್ತದಲ್ಲಿ ಸುತ್ತುತ್ತಿರಲಾರದು ಎಂದು ಬೋರ್ಡಿನ ಮೇಲೆ ತಪ್ಪಿಲ್ಲದೆ ಸಾಧಿಸಿದ ಹುಡುಗಿಯೊಬ್ಬಳು, ಪರಮಾಣುವನ್ನು ಬರೆದು ತೋರಿಸಮ್ಮ ಎಂದಾಗ, ಅದೇ ಸೀಮೆಸುಣ್ಣದಿಂದ ಒಂದು ವೃತ್ತವನ್ನೂ ಅದರ ಮೇಲೊಂದು ಚುಕ್ಕೆಯನ್ನೂ ಬರೆದಳು.

ಸ್ಪಿನ್ ದಾರಿಯಲ್ಲಿ ಅಳಿಸಬೇಕಾದ ಇಂಥ ಚಿತ್ರವೇ ಹುಟ್ಟುವುದಿಲ್ಲ. ಸ್ಟರ್ನ್-ಗೆರ್ಲಾಕ್ ಉಪಕರಣದ ಅಸಮ ಕಾಂತಕ್ಷೇತ್ರದಲ್ಲಿ ಬೆಳ್ಳಿಯ ಪರಮಾಣುಗಳ ಧಾರೆ ಮೇಲೆ, ಕೆಳಗೆ ಎಂದು ಎರಡಾಗಿ ಒಡೆಯುತ್ತದೆ. ‘ಮೇಲೆ’ ಎಂದು ಆರಿಸಿದವನ್ನು ಅಡ್ಡ ದಿಕ್ಕಿನಲ್ಲಿ ಅಳೆದು, ಅದರಲ್ಲೊಂದು ಧಾರೆಯನ್ನು ಮತ್ತೆ ಮೊದಲಿನ ದಿಕ್ಕಿನಲ್ಲಿ ಅಳೆದರೆ ಅರ್ಧದಷ್ಟು ‘ಕೆಳಗೆ’ ಬರುತ್ತವೆ. “ಕೆಳಗಿನವನ್ನು ಆಗಲೇ ತೆಗೆದುಹಾಕಿದೆವಲ್ಲ ಸರ್?” ಎಂಬ ಪ್ರಶ್ನೆ ಪ್ರತಿ ವರ್ಷವೂ ಎದ್ದಿದೆ, ಮತ್ತು ನನ್ನ ಮಟ್ಟಿಗೆ ಕ್ವಾಂಟಂ ಪಾಠ ಶುರುವಾಗುವುದೇ ಆ ಪ್ರಶ್ನೆಯಿಂದ. ಗಣಿತವೂ ಎರಡು ಸಾಲಿನ ಮ್ಯಾಟ್ರಿಕ್ಸುಗಳಷ್ಟೇ. ಆ ಉಪಕರಣ ನಮ್ಮಲ್ಲಿಲ್ಲವಾದ್ದರಿಂದ ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಪೋಲರಾಯ್ಡ್ ಹಾಳೆಗಳನ್ನು ಬಳಸುತ್ತೇನೆ: ಅಡ್ಡಡ್ಡ ಹಿಡಿದ ಎರಡು ಹಾಳೆಗಳ ಕತ್ತಲೆಯ ನಡುವೆ ಮೂರನೆಯದನ್ನು 45 ಡಿಗ್ರಿ ಓರೆಯಾಗಿ ತೂರಿಸಿದೊಡನೆ ಬೆಳಕು ಮರಳುತ್ತದೆ. (ಇಷ್ಟನ್ನು ಹಳೆಯ ತರಂಗ ಸಿದ್ಧಾಂತವೂ ವಿವರಿಸುತ್ತದೆ, ಒಂದೇ ಒಂದು ಫೋಟಾನ್ (ಬೆಳಕಿನ ಕಣ) ಬಂದರೆ ಏನಾದೀತು ಎಂದು ಕೇಳಿದಾಗಲೇ ಅದು ಸೋಲುವುದು. ಇದನ್ನು ತರಗತಿಯಲ್ಲಿ ಮುಚ್ಚಿಡಬಾರದು.)

ಆದರೂ ಬರಿಯ ಸ್ಪಿನ್‌ನಿಂದ ಕಲಿತವರು ನಿಯಮಗಳನ್ನು ಚೆನ್ನಾಗಿ ಬಳಸುತ್ತಾರೆಯೇ ಹೊರತು, ಪರಮಾಣು ಏಕೆ ಕುಸಿಯುವುದಿಲ್ಲ ಎಂದರೆ ಮೌನವಾಗುತ್ತಾರೆ. ಹಾಗಿದ್ದೂ ನಾನು ಈಗ ಆರಿಸಿಕೊಂಡಿರುವುದು ಸ್ಪಿನ್ ದಾರಿಯನ್ನೇ. ಎಲ್‌ಇಡಿ ಪ್ರಯೋಗವನ್ನು ಅದರ ಬೆನ್ನಿಗಿಟ್ಟು, ಬೋರ್ ಮಾದರಿಯನ್ನು ಒಂದೇ ತರಗತಿಗೆ ಇಳಿಸಿದ್ದೇನೆ. ಹೀಗೆ ಉಳಿದ ತರಗತಿಗಳೆಲ್ಲ, ಎರಡೇ ಉತ್ತರಗಳಿರುವ ಸ್ಪಿನ್‌ನಿಂದ ಲೆಕ್ಕವಿಲ್ಲದಷ್ಟು ಉತ್ತರಗಳಿರುವ, ಕಣ ಎಲ್ಲಿದೆ ಎಂಬ ಸ್ಥಾನದ ಅಳತೆಗೆ ವಿದ್ಯಾರ್ಥಿಗಳನ್ನು ದಾಟಿಸುವುದಕ್ಕೆ ವಿನಿಯೋಗವಾಗುತ್ತಿವೆ.