‘ಫುಲ್ ಕವರ್’ನಲ್ಲಿ ಟೈರ್ ಇಲ್ಲ: 6 ವರ್ಷ ಬಾಡಿಗೆ ಕಾರು ಓಡಿಸಿದ ಮೇಲೆ

ನನಗೆ ಸ್ವಂತ ಕಾರಿಲ್ಲ. ವರ್ಷಕ್ಕೆ ಮೂರ್ನಾಲ್ಕು ಸಲ ಬಾಡಿಗೆಗೆ ತಗೊಂಡು ನಾನೇ ಓಡಿಸುತ್ತೇನೆ. 6 ವರ್ಷದಿಂದ ಹೆಚ್ಚುಕಮ್ಮಿ ಒಂದೇ ಕಂಪನಿ. ಕಾರುಗಳ ಬಗ್ಗೆ ತಕರಾರಿಲ್ಲ. ತಕರಾರೆಲ್ಲ ‘ಕಾರಿಗೆ ಪೆಟ್ಟಾದರೂ ಚಿಂತೆಯಿಲ್ಲ’ ಅಂತ ಕೌಂಟರ್‌ನಲ್ಲಿ ಬೇರೆ ದುಡ್ಡು ಕಟ್ಟಿಸಿಕೊಳ್ಳುವ ಆ ‘ಫುಲ್ ಕವರ್’ ಬಗ್ಗೆ.

ಹಿಂದೊಂದು ಸಲ ಮುಂದಿನ ಎಡಗಡೆ ಚಕ್ರ ಗುಂಡಿಗೆ ಬಿತ್ತು. ಟೈರಿನ ಪಕ್ಕ ಹರಿಯಿತು, ರಿಮ್ ಬಾಗಿತು. ದುಡ್ಡು ಕಟ್ಟಿದ್ದೇನಲ್ಲ ಅಂತ ನಾನು ಆರಾಮಾಗಿದ್ದೆ. ಕಾರು ವಾಪಸ್ ಕೊಟ್ಟಾಗ ಬಿಲ್ ಬಂತು. ಟೈರ್, ರಿಮ್, ಗಾಜು, ಕಾರಿನ ಅಡಿಭಾಗ ಎಲ್ಲ ಕವರ್‌ನಿಂದ ಹೊರಗಂತೆ. ಒಪ್ಪಂದದಲ್ಲಿ ಸಣ್ಣಕ್ಷರದಲ್ಲಿತ್ತು. ಕಾರು ರಿಪೇರಿಗೆ ನಿಂತ ದಿನಗಳ ಬಾಡಿಗೆಯೂ ನನ್ನ ತಲೆಗೇ. ಇದಕ್ಕೆ ‘ಫುಲ್’ ಅಂತ ಯಾವ ಬಾಯಲ್ಲಿ ಹೇಳುತ್ತಾರೋ!

ಸಿಟ್ಟಲ್ಲೇ ಕೂತು ಪೂರ್ತಿ ಓದಿದೆ. ನಾನು ದುಡ್ಡು ಕಟ್ಟಿದ್ದು ‘ಕೊಲಿಷನ್ ಡ್ಯಾಮೇಜ್ ವೇವರ್’ಗೆ. ಸರಿಯಾಗಿ ನೋಡಿದರೆ ಅದು ವಿಮೆಯೇ ಅಲ್ಲ. ‘ಕಾರಿಗೆ ಪೆಟ್ಟಾದರೆ ಇಷ್ಟರ ಮೇಲೆ ನಿಮ್ಮನ್ನು ಕೇಳುವುದಿಲ್ಲ’ ಅಂತ ಕಂಪನಿ ಕೊಡುವ ಮಾತು. ಆ ‘ಇಷ್ಟು’ ಇದೆಯಲ್ಲ, ಎಕ್ಸೆಸ್ ಅನ್ನೋದು, ಅದು ನಮ್ಮ ಜೇಬಿಂದಲೇ ಹೋಗಬೇಕು. ಕಾರ್ಡ್‌ನಲ್ಲಿ ಡೆಪಾಸಿಟ್ ಹಿಡಿದಿಡುವುದು ಸುಮ್ನೆ ಅಲ್ಲ. ಕುಡಿದು ಓಡಿಸಿದರೆ, ಒಪ್ಪಂದದಲ್ಲಿ ಹೆಸರಿಲ್ಲದವರ ಕೈಗೆ ಸ್ಟೀರಿಂಗ್ ಕೊಟ್ಟರೆ ಆ ಮಾತೂ ಮುಗೀತು. ಎದುರಿನವರಿಗೆ ಆದ ನಷ್ಟಕ್ಕೆ ಥರ್ಡ್ ಪಾರ್ಟಿ ವಿಮೆ, ಅದು ಬೇರೆಯೇ ಲೆಕ್ಕ.

ಈಗ ಕೀ ಸಿಕ್ಕ ತಕ್ಷಣ ಹೊರಡುವುದಿಲ್ಲ. ಮೊಬೈಲ್‌ನಲ್ಲಿ ವಿಡಿಯೋ ಹಾಕಿಕೊಂಡು ಕಾರಿನ ಸುತ್ತ ನಿಧಾನಕ್ಕೆ ಒಂದು ಸುತ್ತು. ನಾಲ್ಕೂ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು ರಿಮ್ಮಿನ ಅಂಚು ಬೆರಳಲ್ಲಿ ಸವರುತ್ತೇನೆ. ಕಣ್ಣಿಗೆ ಕಾಣದ ತರಚು ಬೆರಳಿಗೆ ಸಿಗುತ್ತೆ. ಆಮೇಲೆ ಗಾಜಿನ ಮೂಲೆಗಳು, ಕೊನೆಗೆ ಪೆಟ್ರೋಲ್ ಮುಳ್ಳು. ಹಳೇ ಗೀರು ಕಂಡರೆ ಅಲ್ಲೇ ಫಾರ್ಮ್‌ನಲ್ಲಿ ಬರೆಸುತ್ತೇನೆ. ‘ಇದನ್ನ ಕೊಂಡ್ಕೊಳ್ಳೋಕೆ ಬಂದ್ವಾ?’ ಅಂತ ಹೆಂಡತಿ ನಗುತ್ತಾಳೆ. ನಗಲಿ.

ಎಕ್ಸೆಸ್ ತುಂಬಿಕೊಡುವ ಪಾಲಿಸಿಯನ್ನು ಬೇರೆ ಕಡೆ ಮೊದಲೇ ತಗೊಳ್ಳುತ್ತೇನೆ. ನನಗೆ ಕೌಂಟರ್ ದರಕ್ಕಿಂತ ಕಡಿಮೆಗೆ ಸಿಕ್ಕಿತು, ಟೈರು ಗಾಜು ಎರಡೂ ಸೇರಿವೆ. ಒಂದೇ ಕಿರಿಕಿರಿ, ಮೊದಲು ನಾವು ಕಟ್ಟಿ ಆಮೇಲೆ ಕ್ಲೈಮ್ ಮಾಡಬೇಕು.

ಹೋದ ವಾರ ಕೌಂಟರ್‌ನಲ್ಲಿ ಹೊಸ ಹುಡುಗಿಯೊಬ್ಬಳಿದ್ದಳು. ನಾನು ಕೇಳುವ ಮೊದಲೇ ಪೆನ್ನಲ್ಲಿ ಗೆರೆ ಎಳೆದು, ‘ಸರ್, ಟೈರ್ ಇದರಲ್ಲಿ ಬರಲ್ಲ’ ಅಂದಳು. ಅರ್ಧ ಸಿಟ್ಟು ಅಲ್ಲೇ ಇಳಿಯಿತು. 5ಕ್ಕೆ 3 ಸ್ಟಾರ್. ಕಡಿಮೆ ಮಾಡಿದ ಎರಡೂ ಸ್ಟಾರ್ ಆ ಎಡಗಡೆ ಚಕ್ರದ್ದು.