ಜೋಟೆರೋ: ಕನ್ನಡ ಆಕರಗಳಿಗೆ ಎಷ್ಟರ ಮಟ್ಟಿಗೆ ಆಗಿಬರುತ್ತದೆ? ಆರು ವರ್ಷದ ಬಳಕೆಯ ನಂತರ

ಆಕರಗಳನ್ನು ಕೂಡಿಡುವ ಜೋಟೆರೋ ತಂತ್ರಾಂಶಕ್ಕೆ ಐದಕ್ಕೆ ನಾಲ್ಕು ಅಂಕ. ಕಡಿಮೆಯಾದ ಒಂದು ಅಂಕ ಪೂರ್ತಿ ಕನ್ನಡ ಆಕರಗಳ ಬಾಬ್ತಿನದು. ಹಾಗಿದ್ದೂ ಮಾನಸಗಂಗೋತ್ರಿಯಲ್ಲಿ ಚರಿತ್ರೆ, ಕನ್ನಡ, ಜಾನಪದ ಯಾವುದರಲ್ಲಿ ಪಿಎಚ್.ಡಿ.ಗೆ ಸೇರಿದವರೂ ಮೊದಲ ವಾರವೇ ಇದನ್ನು ಹಾಕಿಕೊಳ್ಳಬೇಕು. ಮೂರನೇ ವರ್ಷದಲ್ಲಿ ನಾನೂರು ಆಕರಗಳನ್ನು ಒಟ್ಟಿಗೆ ಕೂತು ತುಂಬುವ ಕೆಲಸ ಯಾರಿಂದಲೂ ನೆಟ್ಟಗೆ ಆಗುವುದಿಲ್ಲ.

ಇದು 2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಉಚಿತ ತಂತ್ರಾಂಶ. ಆಕರಗಳನ್ನು ಕೂಡಿಡುತ್ತದೆ, ವರ್ಡ್ ಅಥವಾ ಲಿಬ್ರೆ ಆಫೀಸಿನಲ್ಲಿ ಬರೆಯುವಾಗ ಉಲ್ಲೇಖ ಹಾಕಿ, ಕೊನೆಗೆ ಗ್ರಂಥಋಣ ಕಟ್ಟಿಕೊಡುತ್ತದೆ. ಇಂಗ್ಲಿಷ್ ಲೇಖನಗಳ ವಿಷಯಕ್ಕೆ ಹೆಚ್ಚು ಹೇಳಬೇಕಾದ್ದಿಲ್ಲ. ಮಂತ್ರದಂಡದ ಗುರುತು ಒತ್ತಿ ಡಿಒಐ ಸಂಖ್ಯೆ (ಲೇಖನಕ್ಕೆ ಕೊಟ್ಟಿರುವ ಶಾಶ್ವತ ಗುರುತು) ಅಂಟಿಸಿದರೆ ಲೇಖಕ, ಪತ್ರಿಕೆ, ಸಂಪುಟ, ಪುಟ ಎಲ್ಲ ತಾವೇ ಬಂದು ಕೂರುತ್ತವೆ. ಎಐ ಕೊಟ್ಟ ಆಕರಗಳ ಪಟ್ಟಿಯನ್ನು ಪರೀಕ್ಷಿಸುವುದಕ್ಕೂ ಇದೇ ದಾರಿ: ಅಲ್ಲಿರುವ ಡಿಒಐ ಹಾಕಿದಾಗ ಏನೂ ಬರದಿದ್ದರೆ, ಇಲ್ಲವೇ ಬೇರೆಯದೇ ಲೇಖನ ಬಂದರೆ, ಮೂಲ ಕಣ್ಣಿಗೆ ಬೀಳುವವರೆಗೆ ಅದನ್ನು ಪ್ರಬಂಧಕ್ಕೆ ಸೇರಿಸಬೇಡಿ.

ಕನ್ನಡ ಪುಸ್ತಕಕ್ಕೆ ಬಂದಾಗ ಮಾತೇ ಬೇರೆ. ಹಳೆಯ ಪುಸ್ತಕಗಳಿಗೆ ಗುರುತು ಸಂಖ್ಯೆಯಾದ ಐಎಸ್‌ಬಿಎನ್ ಇರುವುದಿಲ್ಲ. ಇರುವ ಪುಸ್ತಕಗಳದ್ದೂ ಎಷ್ಟೋ ಸಲ ಹುಡುಕಿದರೆ ಸಿಗುವುದಿಲ್ಲ. ಸ್ಕ್ಯಾನ್ ಮಾಡಿದ ಪಿಡಿಎಫ್‌ನೊಳಗೆ ಬರೀ ಚಿತ್ರ, ಓದಲು ಅಕ್ಷರವಿಲ್ಲ. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳ ಪಿಡಿಎಫ್‌ನಲ್ಲಿ ಅಕ್ಷರ ಕಾಣುತ್ತದೆ, ಆದರೆ ಕಾಪಿ ಮಾಡಿ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಬೀಳುತ್ತದೆ. ಹಾಗಾಗಿ ಶೀರ್ಷಿಕೆ ಪುಟವನ್ನೂ ಅದರ ಹಿಂಬದಿಯನ್ನೂ ಎದುರಿಗಿಟ್ಟುಕೊಂಡು ಯುನಿಕೋಡಿನಲ್ಲಿ ಕೈಯಾರೆ ತುಂಬಬೇಕು. ಪುಸ್ತಕಕ್ಕೆ ಐದು ನಿಮಿಷ ಹಿಡಿಯುತ್ತದೆ. ಆ ಐದು ನಿಮಿಷ ಕೊಟ್ಟವರಿಗೆ ಮಾತ್ರ ಜೋಟೆರೋ ದುಡಿಯುತ್ತದೆ.

ಎಡವಟ್ಟು ಹೆಚ್ಚಾಗಿ ಆಗುವುದು ಹೆಸರಿನಲ್ಲಿ. ತಂತ್ರಾಂಶ ಕೊನೆಯ ಹೆಸರು, ಮೊದಲ ಹೆಸರು ಎಂದು ಎರಡು ಪೆಟ್ಟಿಗೆ ಕೊಡುತ್ತದೆ. ನಮ್ಮವರಿಗೆ ಇನಿಷಿಯಲ್ ಮೊದಲು, ಹೆಸರು ಆಮೇಲೆ. ಹೆಸರನ್ನು ಪೂರ್ತಿಯಾಗಿ ಕೊನೆಯ ಹೆಸರಿನ ಜಾಗದಲ್ಲಿ, ಇನಿಷಿಯಲ್ಲುಗಳನ್ನು ಮೊದಲ ಹೆಸರಿನ ಜಾಗದಲ್ಲಿ ಹಾಕಿ. ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ಸುರಿದರೆ ಎಂ., ಎಸ್., ಎಚ್., ಎಲ್., ಎನ್. ಇನಿಷಿಯಲ್ಲಿನವರೆಲ್ಲ ಅಕಾರಾದಿಯಲ್ಲಿ ಎಕಾರದ ಕೆಳಗೆ ಗುಂಪುಗೂಡುತ್ತಾರೆ. ಕಾಗುಣಿತವೂ ಒಂದೇ ಇರಲಿ. ‘ಕಾರ್ಯ’ ಎಂದು ಒಂದು ಕಡೆ, ‘ಕಾರ‍್ಯ’ ಎಂದು ಇನ್ನೊಂದು ಕಡೆ ಟೈಪ್ ಮಾಡಿದರೆ ಓದುವ ನಮಗೆ ಅದು ಒಂದೇ ಪದ, ಹುಡುಕುವ ಯಂತ್ರಕ್ಕೆ ಎರಡು.

ಮುದ್ರಣದ ವರ್ಷವನ್ನೂ ಗಮನಿಸಿ. ಹಿಂಬದಿಯಲ್ಲಿ ಮೊದಲ ಮುದ್ರಣ 1978, ಮೂರನೇ ಮುದ್ರಣ 2004 ಎಂದಿದ್ದು ನೀವು ಓದಿದ್ದು 2004ರದ್ದಾದರೆ ವರ್ಷದ ಜಾಗಕ್ಕೆ 2004 ಹಾಕಿ. ಎಕ್ಸ್‌ಟ್ರಾ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲೇ ‘ಒರಿಜಿನಲ್ ಡೇಟ್: 1978’ ಎಂದು ಒಂದು ಸಾಲು ಬರೆದರೆ ಎಪಿಎ ಎಂಬ ಉಲ್ಲೇಖ ಶೈಲಿ ಎರಡನ್ನೂ ತೋರಿಸುತ್ತದೆ. ಪುಟಸಂಖ್ಯೆ ಮುದ್ರಣದಿಂದ ಮುದ್ರಣಕ್ಕೆ ಬದಲಾಗುವುದರಿಂದ ಇದು ಸಣ್ಣ ವಿಷಯವಲ್ಲ.

ಭಾರತದ ವಿಶ್ವವಿದ್ಯಾಲಯಗಳ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದ ಮಹಾಪ್ರಬಂಧಗಳು ಅಧ್ಯಾಯಕ್ಕೊಂದು ಕಡತವಾಗಿ ಸಿಗುತ್ತವೆ. ಪ್ರತಿ ಕಡತದ ಮೊದಲ ಹಾಳೆ ಪರದೆಯ ಮೇಲೆ 1 ಎಂದೇ ತೋರಿಸುತ್ತದೆ. ಉಲ್ಲೇಖಕ್ಕೆ ಹಾಳೆಯ ಮೇಲೆ ಅಚ್ಚಾದ ಸಂಖ್ಯೆಯೇ ಬೇಕು. ಕೊಂಡಿಯಾಗಿ 10603 ಇರುವ ಶಾಶ್ವತ ವಿಳಾಸವನ್ನು ಹಾಕಿ, ನಮೂದಿನ ಬಗೆ ‘ಥೀಸಿಸ್’ ಎಂದಿದೆಯೇ ನೋಡಿ.

ಮೈಸೂರು, ಮಂಡ್ಯ ಸೀಮೆಯ ಮೇಲೆ ಕೆಲಸ ಮಾಡುವವರಿಗೆ ನಿಜವಾದ ಪರೀಕ್ಷೆ ಶಾಸನಗಳು. ಬಿ. ಎಲ್. ರೈಸ್ ಸಂಪಾದಿಸಿದ ಶಾಸನ ಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಮಂಡ್ಯ ಎಂಬ ಜಿಲ್ಲೆಯೇ ಇಲ್ಲ, ಅದು ಆದದ್ದು 1939ರಲ್ಲಿ. ಮಂಡ್ಯ, ಮಳವಳ್ಳಿ, ಶ್ರೀರಂಗಪಟ್ಟಣದ ಶಾಸನಗಳು 1894ರ ಮೂರನೇ ಸಂಪುಟದಲ್ಲಿವೆ. ನಾಗಮಂಗಲ, ಕೃಷ್ಣರಾಜಪೇಟೆಯವು 1898ರ ನಾಲ್ಕನೆಯದರಲ್ಲಿ. 1972ರಿಂದ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ಹಂಚಿಕೆಯೂ ಬೇರೆ, ಶಾಸನದ ಸಂಖ್ಯೆಯೂ ಬೇರೆ. ಹಳೆಯ ಲೇಖನದಿಂದ ಸಂಖ್ಯೆಯನ್ನು ಎತ್ತಿಕೊಂಡು ಹೊಸ ಸಂಪುಟದ ಹೆಸರಿಗೆ ಅಂಟಿಸಿದರೆ ಓದುಗರು ಯಾವುದೋ ಬೇರೆ ಕಲ್ಲಿನ ಮುಂದೆ ಹೋಗಿ ನಿಲ್ಲುತ್ತಾರೆ. ಜೋಟೆರೋದಲ್ಲಿ ಒಂದೊಂದು ಶಾಸನಕ್ಕೆ ಒಂದೊಂದು ನಮೂದು ಮಾಡಬೇಡಿ. ಪ್ರತಿ ಸಂಪುಟವನ್ನು ಒಂದು ಪುಸ್ತಕವಾಗಿ ಸೇರಿಸಿ, ‘ಹಳೆ’, ‘ಪರಿಷ್ಕೃತ’ ಎಂದು ಟ್ಯಾಗ್ ಹಾಕಿ. ಬರೆಯುವಾಗ ಉಲ್ಲೇಖದ ಮೇಲೆ ಕ್ಲಿಕ್ ಮಾಡಿ ಸಫಿಕ್ಸ್ ಜಾಗದಲ್ಲಿ ತಾಲ್ಲೂಕು ಮತ್ತು ಸಂಖ್ಯೆ ಬರೆಯಿರಿ. ಗ್ರಂಥಋಣದಲ್ಲಿ ಸಂಪುಟ ಒಂದೇ ಸಲ ಬರುತ್ತದೆ, ಅಡಿಟಿಪ್ಪಣಿಯಲ್ಲಿ ಶಾಸನ ನಿಖರವಾಗಿ ನಿಲ್ಲುತ್ತದೆ.

ವರ್ಡ್‌ನಲ್ಲಿ ಕೂತ ಉಲ್ಲೇಖವನ್ನು ನೇರವಾಗಿ ತಿದ್ದಬಾರದು. ತಿದ್ದಿದರೆ ಮುಂದಿನ ಸಲ ಉಳಿಸಿಕೊಳ್ಳಲೋ ಬೇಡವೋ ಎಂದು ಕೇಳುತ್ತದೆ, ಉಳಿಸಿಕೊಂಡರೆ ಆಮೇಲೆ ಶೈಲಿ ಬದಲಾಯಿಸಿದರೂ ಅದು ಬದಲಾಗದು. ತಪ್ಪಿದ್ದರೆ ಮೂಲ ನಮೂದಿನಲ್ಲಿ ತಿದ್ದಿ, ರಿಫ್ರೆಶ್ ಒತ್ತಿ. ವರ್ಡ್‌ನಿಂದ ಲಿಬ್ರೆ ಆಫೀಸಿಗೆ ಹೋಗುವವರು ಮೊದಲು ಡಾಕ್ಯುಮೆಂಟ್ ಪ್ರಿಫರೆನ್ಸಸ್‌ನಲ್ಲಿರುವ ಬೇರೆ ತಂತ್ರಾಂಶಕ್ಕೆ ಬದಲಿಸುವ ಗುಂಡಿ ಒತ್ತಬೇಕು, ಇಲ್ಲದಿದ್ದರೆ ಕೊಂಡಿಗಳು ಕಳಚಿ ಬರೀ ಅಕ್ಷರ ಉಳಿಯುತ್ತದೆ.

ಜೋಟೆರೋದ ಸರ್ವರಿನಲ್ಲಿ ಉಚಿತ ಜಾಗ 300 ಎಂಬಿ. ಸ್ಕ್ಯಾನ್ ಪುಸ್ತಕ ಇಟ್ಟರೆ ಹತ್ತಿಪ್ಪತ್ತಕ್ಕೇ ತುಂಬುತ್ತದೆ. 2 ಜಿಬಿಗೆ ವರ್ಷಕ್ಕೆ 20 ಡಾಲರ್, ಕೊಡಲೇಬೇಕಿಲ್ಲ. ಕಡತಗಳ ಸಿಂಕ್ (ಸರ್ವರಿಗೆ ನಕಲಾಗುವುದು) ನಿಲ್ಲಿಸಿ, ನಮೂದುಗಳ ಸಿಂಕ್ ಮಾತ್ರ ಇಟ್ಟುಕೊಂಡರೆ ಅದಕ್ಕೆ ಮಿತಿಯಿಲ್ಲ. ವಾರಕ್ಕೊಮ್ಮೆ ತಂತ್ರಾಂಶವನ್ನು ಮುಚ್ಚಿ, ಜೋಟೆರೋ ಫೋಲ್ಡರನ್ನು ಇಡಿಯಾಗಿ ಹೊರಗಿನ ಡ್ರೈವಿಗೆ ನಕಲು ಮಾಡಿ. ಆ ಫೋಲ್ಡರನ್ನೇ ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್ ಒಳಗೆ ಕೂರಿಸಬೇಡಿ. ಎರಡು ಕಂಪ್ಯೂಟರ್ ಒಟ್ಟಿಗೆ ಮುಟ್ಟಿದರೆ ದತ್ತಾಂಶ ಕೆಡುತ್ತದೆ.

ಕನ್ನಡ ಆಕರಗಳು, ಇಂಗ್ಲಿಷ್ ಆಕರಗಳು ಎಂದು ಎರಡು ಪಟ್ಟಿ ಕೇಳುವ ಮಾರ್ಗದರ್ಶಕರೇ ಹೆಚ್ಚು. ಅದನ್ನು ಇದು ತಾನಾಗಿ ಮಾಡುವುದಿಲ್ಲ, ಹಿಂದಿನ ಆಕರವೇ ಎಂದು ಸೂಚಿಸುವ ‘ಇಬಿಡ್’ ಬದಲು ‘ಅದೇ’ ಎಂದೂ ಹಾಕುವುದಿಲ್ಲ. ಎಲ್ಲ ತಿದ್ದುಪಡಿ ಮುಗಿದ ಮೇಲೆ ಪ್ರಬಂಧದ ಒಂದು ಪ್ರತಿ ತೆಗೆದು, ಆ ಪ್ರತಿಯಲ್ಲಿ ಮಾತ್ರ ‘ಅನ್‌ಲಿಂಕ್’ ಒತ್ತಿ, ಪಟ್ಟಿಯನ್ನು ಕೈಯಲ್ಲಿ ಎರಡು ಭಾಗ ಮಾಡಿ, ‘ಇಬಿಡ್’ಗಳನ್ನು ಒಂದೇ ಸಲ ‘ಅದೇ’ಗೆ ಬದಲಾಯಿಸಿ. ಕೊಂಡಿಗಳಿರುವ ಮೂಲ ಪ್ರತಿ ಹಾಗೆಯೇ ಇರಲಿ. ವೈವಾ ಆದ ಮೇಲೂ ತಿದ್ದುಪಡಿ ಬರುತ್ತದೆ.