ಎಂಟು ಕೋಳಿಗೆ ಯಾವ ಗೂಡು? ಮಂಕರಿ, ಕಬ್ಬಿಣದ ಪಂಜರ, ದಬ್ಬೆ ಗೂಡು, ಇಟ್ಟಿಗೆ ಕೋಣೆ

ಇಲ್ಲಿನ ಲೆಕ್ಕ ಏಳು ಹೇಂಟೆ, ಒಂದು ಹುಂಜಕ್ಕೆ. ಹಗಲೆಲ್ಲ ಹಿತ್ತಲಲ್ಲಿ ಮೇವು, ಕತ್ತಲಾದ ಮೇಲೆ ಗೂಡು. ಹೀಗಾದರೆ ಕೋಳಿಯೊಂದಕ್ಕೆ 2 ಚದರ ಅಡಿ ಸಾಕು, ಅಂದರೆ 4×4 ಅಡಿಯ ನೆಲ. ಹಗಲೂ ಕೂಡಿಹಾಕುವವರು ಒಳಗೆ ತಲಾ 4 ಚದರ ಅಡಿ, ಹೊರಗೆ ಜಾಲರಿ ಹಾಕಿದ ಅಂಗಳದಲ್ಲಿ ತಲಾ 8–10 ಚದರ ಅಡಿ ಬಿಡಬೇಕು. ಇಕ್ಕಟ್ಟಾದರೆ ಒಂದರ ಗರಿಯನ್ನು ಇನ್ನೊಂದು ಕೀಳಲು ಶುರುಮಾಡುತ್ತದೆ, ರಕ್ತ ಕಂಡ ಮೇಲೆ ಆ ಚಟ ಬಿಡಿಸುವುದು ಕಷ್ಟ.

ಬಿದಿರಿನ ಮಂಕರಿ ಮರಿ ಕೋಳಿಗೆ ಇವತ್ತಿಗೂ ಒಳ್ಳೆಯದೇ. ಒಂದು ಹೇಂಟೆಯನ್ನು ಮರಿಗಳ ಸಮೇತ ಮುಚ್ಚಿಟ್ಟರೆ ಹದ್ದಿನ ಭಯವಿಲ್ಲ. ರಾತ್ರಿಗೆ ಮಾತ್ರ ಬೇಡ. ನಾಯಿ ಮೂತಿಯಲ್ಲಿ ದೂಡಿದರೆ ಉರುಳುತ್ತದೆ, ಹೆಗ್ಗಣ ಅಡಿಯಿಂದ ಕೊರೆಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಉಣ್ಣೆ ಹುಳುವಿನದು. ಕೋಳಿ ಉಣ್ಣೆ ಹಗಲಲ್ಲಿ ಮೈಮೇಲೆ ಇರುವುದಿಲ್ಲ. ಹೆಣಿಗೆಯ ಸಂದಿನಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುತ್ತದೆ. ಕೋಳಿಯನ್ನು ಹಿಡಿದು ನೋಡಿದರೆ ಏನೂ ಕಾಣದು, ಆದರೆ ಜುಟ್ಟು ಬಿಳಿಚುತ್ತದೆ, ಮೊಟ್ಟೆ ನಿಲ್ಲುತ್ತದೆ. ಮಂಕರಿಯ ನೂರಾರು ಸಂದುಗಳಿಗೆ ಔಷಧಿ ಮುಟ್ಟಿಸುವುದು ಆಗದ ಕೆಲಸ.

ಅಂಗಡಿಯಲ್ಲಿ ಸಿಗುವ ತಂತಿ ನೆಲದ ಪಂಜರ ಈ ವಿಷಯದಲ್ಲಿ ಗೆಲ್ಲುತ್ತದೆ: ತೊಳೆಯಬಹುದು, ಸಂದುಗಳು ಕಡಿಮೆ, ಹಿಕ್ಕೆ ನೇರ ತಟ್ಟೆಗೆ ಬೀಳುತ್ತದೆ. ಬೆಂಗಳೂರಿನ ತಾರಸಿಯಲ್ಲಿ ಮೂರ್ನಾಲ್ಕು ಹೇಂಟೆ ಸಾಕುವವರಿಗೆ ಸರಿ. ತಟ್ಟೆಗೆ ಬೂದಿಯನ್ನೋ ತೆಂಗಿನ ನಾರಿನ ಪುಡಿಯನ್ನೋ ಹರಡಿ ದಿನವೂ ಬದಲಿಸಿದರೆ ಪಕ್ಕದ ಮನೆಗೆ ವಾಸನೆ ಹೋಗದು. ಆದರೆ ಇಂಥ ಪಂಜರದ ಅಳತೆ ಹಗುರ ಮೈಯ ಮೊಟ್ಟೆ ಕೋಳಿಗೆ ಹೊಂದುವಂಥದ್ದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಯಾದ ಗಿರಿರಾಜದಂಥ ಭಾರದ ತಳಿಯನ್ನು ತಂತಿಯ ಮೇಲೆ ನಿಲ್ಲಿಸಿದರೆ ಅಂಗಾಲು ಒಡೆದು ಕೀವು ತುಂಬುತ್ತದೆ. ಕಂಬಿಗಳ ನಡುವೆ 2 ಇಂಚು ಅಂತರವಿದ್ದರೆ ಕೋಳಿ ತಲೆ ಹೊರಹಾಕುತ್ತದೆ, ಹೊರಗೆ ಕಾದ ಮುಂಗುಸಿಗೆ ಅಷ್ಟೇ ಸಾಕು.

ಮಲೆನಾಡು, ಕರಾವಳಿಯವರಿಗೆ ನಮ್ಮ ಆಯ್ಕೆ ನೆಲದಿಂದ ಎತ್ತರಿಸಿದ ದಬ್ಬೆ ಗೂಡು, ಎರಡು ಮಾತಿಲ್ಲ. ನಾಲ್ಕು ಕಾಲು, ಎರಡೂವರೆ ಅಡಿ ಎತ್ತರದಲ್ಲಿ ಅಡಿಕೆ ಮರ ಸೀಳಿದ ದಬ್ಬೆಯ ನೆಲ, ದಬ್ಬೆಗಳ ನಡುವೆ ಮುಕ್ಕಾಲು ಇಂಚು ಸಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲದಲ್ಲಿ ಹೊಟ್ಟು ಹಾಸಿದ ಯಾವ ಗೂಡೂ ಒಣಗುವುದಿಲ್ಲ. ಒದ್ದೆ ಹಾಸಿನಲ್ಲೇ ರಕ್ತಭೇದಿಯ ರೋಗಾಣು ಬಲಿತು ಮರಿಗಳನ್ನು ಕೊಲ್ಲುವುದು. ದಬ್ಬೆ ನೆಲದಲ್ಲಿ ಹಿಕ್ಕೆ ಕಾಲಡಿ ನಿಲ್ಲದೆ ಕೆಳಗೆ ಬೀಳುತ್ತದೆ, ಕೆಳಗೆ ತರಗೆಲೆ ಹರಡಿದ್ದರೆ ತೋಟಕ್ಕೆ ಗೊಬ್ಬರವೂ ಆಯಿತು. ಎರಡು ತಿಂಗಳು ತುಂಬದ ಮರಿಗಳ ಕಾಲು ಮಾತ್ರ ಸಂದಿನಲ್ಲಿ ಸಿಕ್ಕಿ ಮುರಿಯುತ್ತದೆ. ಅವಕ್ಕೆ ಒಂದು ಮೂಲೆಗೆ ಹಲಗೆ ಹಾಕಿ ಗೋಣಿ ಹಾಸಬೇಕು.

ಈ ಗೂಡು ಉಳಿಯುವುದೂ ಕೆಡುವುದೂ ಕಾಲುಗಳಿಂದ. ಮರದ ಕಾಲನ್ನು ಮಣ್ಣಿನಲ್ಲಿ ಹೂತರೆ ಗೆದ್ದಲು ತಿನ್ನುತ್ತದೆ, ಕಲ್ಲಿನ ಮೇಲೆ ನಿಲ್ಲಿಸಿ. ತೆಂಗಿನ ಮರಕ್ಕೆ ಇಲಿ ಹತ್ತದಂತೆ ತಗಡು ಸುತ್ತುತ್ತೇವಲ್ಲ, ಹಾಗೆ ಪ್ರತಿ ಕಾಲಿಗೂ ಒಂದೂವರೆ ಅಡಿ ಅಗಲದ ನುಣುಪು ತಗಡು ಸುತ್ತಿ. ಇಲಿ, ಹೆಗ್ಗಣ ಜಾರಿಬೀಳುತ್ತವೆ, ಕೇರೆ ಹಾವಿಗೂ ಹಿಡಿತ ಸಿಗುವುದು ಕಷ್ಟ. ಇಷ್ಟು ಮಾಡಿ ಕೋಳಿ ಹತ್ತುವ ಹಲಗೆಯನ್ನು ರಾತ್ರಿ ತೆಗೆಯದಿದ್ದರೆ ತಗಡಿನ ಖರ್ಚು ದಂಡ. ಗೋಡೆಗೆ ಒರಗಿಸಿಟ್ಟ ಸೌದೆ, ಮೇಲೆ ಬಾಗಿದ ಕೊಂಬೆ ಕೂಡ ಏಣಿಯೇ.

ಇಟ್ಟಿಗೆ ಕೋಣೆ ಬಯಲುಸೀಮೆಗೆ. ರಾಯಚೂರು, ಬಳ್ಳಾರಿ ಕಡೆ ಬೇಸಿಗೆ 40 ಡಿಗ್ರಿ ದಾಟುವಾಗ ತಗಡಿನ ಚಾವಣಿಯ ಸಣ್ಣ ಗೂಡು ಒಲೆಯಾಗುತ್ತದೆ. ಉದ್ದನೆಯ ಬದಿ ಪೂರ್ವ–ಪಶ್ಚಿಮವಾಗಿರಲಿ, ಗೋಡೆ ಒಂದೂವರೆ ಅಡಿ, ಮೇಲೆಲ್ಲ ಜಾಲರಿ, ಚಾವಣಿಗೆ ಹೆಂಚು. ತಗಡೇ ಹಾಕಿದ್ದರೆ ಮೇಲೆ ಸುಣ್ಣ ಬಳಿದು ತೆಂಗಿನ ಗರಿ ಹೊದಿಸಿ. ನೆಲಕ್ಕೆ 3–4 ಇಂಚು ಭತ್ತದ ಹೊಟ್ಟು ಅಥವಾ ಶೇಂಗಾ ಸಿಪ್ಪೆ. ವಾರಕ್ಕೆರಡು ಸಲ ಕೆದರಿ. ಹಿಡಿಯಲ್ಲಿ ಒತ್ತಿದಾಗ ಉಂಡೆಯಾದರೆ ಹಾಸು ಒದ್ದೆಯಾಗಿದೆ ಎಂದರ್ಥ. ನಿಂತು ಮೂಸಿದರೆ ಗೊತ್ತಾಗದು, ಕೋಳಿಯ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತಾಗ ಕಣ್ಣು ಉರಿದರೆ ಹಾಸು ಬದಲಿಸುವ ಹೊತ್ತು ಮೀರಿದೆ.

ದಬ್ಬೆ ಗೂಡಾಗಲಿ ಕೋಣೆಯಾಗಲಿ, ಜಾಲರಿಯಲ್ಲಿ ಕಂಜೂಸಿ ಮಾಡಬೇಡಿ. ಆರು ಮೂಲೆಯ ತೆಳು ಕೋಳಿ ಬಲೆ ಕೋಳಿಯನ್ನು ಒಳಗೆ ತಡೆಯುತ್ತದೆಯೇ ಹೊರತು ನಾಯಿಯನ್ನು ಹೊರಗಲ್ಲ. ಬೇಕಾದದ್ದು ಅರ್ಧ ಇಂಚಿನ ವೆಲ್ಡ್ ಮೆಶ್. ಸಣ್ಣ ಮೊಳೆ ಬಡಿದು ಬಿಡದೆ, ಮರದ ಪಟ್ಟಿ ಒತ್ತಿಟ್ಟು ಸ್ಕ್ರೂ ಹಾಕಿ. ಕೋಣೆಯಾದರೆ ಗೋಡೆಯ ಹೊರಸುತ್ತಿಗೆ ಒಂದೂವರೆ ಅಡಿ ಅಗಲ ಚಪ್ಪಡಿ ಹಾಸಿ. ಮುಂಗುಸಿ ಗೋಡೆ ಬುಡದಲ್ಲೇ ಕೆರೆಯುತ್ತದೆ, ಕಲ್ಲು ಸಿಕ್ಕರೆ ಹಿಂದೆ ಸರಿದು ತೋಡುವುದು ಅಪರೂಪ.

ಕೋಳಿ ರಾತ್ರಿ ಕೂರುವ ಗಳು (ಅಡ್ಡಗೋಲು) 2 ಇಂಚು ದಪ್ಪ, ಅಂಚು ತೀಡಿದ್ದು, ಕೋಳಿಗೆ 9 ಇಂಚಿನಂತೆ. ನಾಲ್ಕಡಿಯ ಎರಡು ಗಳು ಒಂದೇ ಎತ್ತರದಲ್ಲಿರಲಿ, ಇಲ್ಲದಿದ್ದರೆ ಮೇಲಿನದಕ್ಕೆ ದಿನಾ ಸಂಜೆ ಜಗಳ. ಮೊಟ್ಟೆ ಗೂಡು ಒಂದಡಿ ಚೌಕ, ನಾಲ್ಕು ಹೇಂಟೆಗೊಂದು, ಗಳುವಿಗಿಂತ ಕೆಳಗೆ. ಅದು ಮೇಲಿದ್ದರೆ ಕೋಳಿಗಳು ಅಲ್ಲೇ ಮಲಗಿ ಮೊಟ್ಟೆಯೆಲ್ಲ ಹಿಕ್ಕೆ ಮಾಡುತ್ತವೆ. ಗಳುಗಳನ್ನು ಮೊಳೆ ಹೊಡೆದು ಕೂರಿಸಬೇಡಿ, ಕಚ್ಚಿನಲ್ಲಿ ಇಡಿ: ತಿಂಗಳಿಗೊಮ್ಮೆ ಎತ್ತಿ ಅಡಿಭಾಗ ನೋಡಿದರೆ ಉಣ್ಣೆ ಮೊದಲು ಕಾಣುವುದು ಅಲ್ಲೇ.